ಚಂದಾಪುರದಲ್ಲಿ ಮೈನಸ್ ನಲವತ್ತು

ನಮ್ಮ ಕಾರಿನ ಎಂಜಿನ್ ಲೈಟ್ ಮೊದಲು ಹತ್ತಿಕೊಂಡಾಗ ಓಡಿಸುತ್ತಿದ್ದವಳು ಅಮ್ಮ. ಅಪ್ಪನ ಪಾಲಿಗೆ ವಿಚಾರಣೆ ಅಲ್ಲಿಗೇ ಮುಗಿದಿತ್ತು.

ಅಮ್ಮ ಅತ್ತಿಬೆಲೆಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಚಂದಾಪುರದಿಂದ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದವಳು, ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಎರಡನೇ ಸಲಕ್ಕೆ ಲೈಸೆನ್ಸ್ ಪರೀಕ್ಷೆ ಪಾಸಾಗಿ, ದಸರಾ ರಜೆ ಕಳೆದ ಮೇಲೆ ಒಬ್ಬಳೇ ಕಾರು ತೆಗೆದುಕೊಂಡು ಹೋಗತೊಡಗಿದ್ದಳು. ಮೂರನೇ ದಿನಕ್ಕೇ ಮೀಟರಿನ ಪಕ್ಕ ಹಳದಿ ದೀಪ. ಅಪ್ಪ ಬ್ಯಾಟರಿಯ ವೈರು ಬಿಚ್ಚಿ ಮತ್ತೆ ಹಾಕಿದ, ಆರಿತು. ಶನಿವಾರ, ಭಾನುವಾರ ಅವನೇ ಓಡಿಸಿದ, ದೀಪ ಬರಲಿಲ್ಲ. ಸೋಮವಾರ ಅಮ್ಮ ತೆಗೆದುಕೊಂಡು ಹೋದಳು, ಬಂತು.

"ನೋಡ್ದ್ಯಾ? ನನ್ನ ಕೈಯಾಗೆ ಸುಮ್ನಿರ್ತೈತಿ, ನಿನ್ನ ಕೈಯಾಗೆ ಹತ್ಕೊಳ್ತೈತಿ," ಎಂದ ಅಪ್ಪ. "ಕ್ಲಚ್ಚಿನ ಮ್ಯಾಲೆ ಕಾಲಿಟ್ಕೊಂಡೇ ಹೋಗ್ತೀಯ. ಎಂಜಿನ್ ತಡಿಬೇಕಲ್ಲ!"

ಕೀ ಅವನ ಅಂಗಿಯ ಜೇಬು ಸೇರಿತು. ಅಮ್ಮ ವಾದ ಮಾಡಲಿಲ್ಲ. "ಬಸ್ಸೇ ಆರಾಮ ಬಿಡ್ರಿ, ಕೂತು ಪೇಪರ್ ತಿದ್ದಬೋದು," ಎಂದಳು. ಆ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿದ್ದು ಯಾವ ಕಾಲಕ್ಕೆ? ನನಗೆ ಸಿಟ್ಟು ಬಂದದ್ದು ಅಪ್ಪನ ಆರೋಪಕ್ಕಿಂತ ಅವಳ ಈ ಸುಳ್ಳಿನ ಮೇಲೆ. ಎರಡು ವಾರ ಹಾಗೇ ಕಳೆಯಿತು.

ನಾನಾಗ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾದದಲ್ಲಿ ತೂತು ಹುಡುಕುವುದೇ ನನ್ನ ಕೆಲಸ. ಈ ತೂತಂತೂ ಕಾರು ನುಗ್ಗುವಷ್ಟು ದೊಡ್ಡದಿತ್ತು.

"ಅಪ್ಪಾ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಹಾಕ್ತಾ ಇದೀಯ. ನೀನು ಓಡ್ಸಿದ್ದು ಎಲ್ಲಿಗೆ? ಹಾಲಿನ ಬೂತಿಗೆ, ತರಕಾರಿಗೆ. ಅಮ್ಮ ಓಡ್ಸಿದ್ದು ಸರ್ವಿಸ್ ರೋಡಿನ ಗುಂಡಿಗಳಲ್ಲಿ. ಎರಡೂ ಒಂದೇ ಪರೀಕ್ಷೇನಾ?"

"ಲಾಯರಮ್ಮಾ, ದೀಪಕ್ಕೆ ಕಿವಿ ಇಲ್ಲ."

"ಭಾನುವಾರ ಕಾರಣ ತೋರಿಸ್ತೀನಿ. ತೋರಿಸಿದ್ರೆ ಕೀ ಅಮ್ಮಂದು."

"ತೋರಿಸ್ದಿದ್ರೆ?"

"ಆಮೇಲೆ ಈ ವಿಷಯಕ್ಕೆ ನಾನು ಬಾಯಿ ತೆಗೆಯಲ್ಲ."

"ಅದು ಬೇಕಿತ್ತು ನೋಡವ್ವಾ ಈ ಮನಿಗೆ," ಎಂದು ಅಪ್ಪ ಒಪ್ಪಿಕೊಂಡ.

ಆನ್‌ಲೈನಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಒಂದು ಸಾಧನ ತರಿಸಿದ್ದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಕಾರಿನ ದೂರು ಬ್ಲೂಟೂತ್ ಮೂಲಕ ಫೋನಿಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅಪ್ಪ ಬನಿಯನ್ನಿನಲ್ಲಿ ಕೈ ಕಟ್ಟಿಕೊಂಡು ನಿಂತ. ಸ್ಕ್ರೀನಿನ ಮೇಲೆ ಬಂದ ಕೋಡ್ ಒಂದೇ: ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. ಕ್ಲಚ್ಚಿನ ಸುದ್ದಿಯೇ ಇಲ್ಲ. ಆ ಸೆನ್ಸರ್ ಈಗೇನು ಹೇಳುತ್ತಿದೆ ಎಂದು ನೋಡಿದೆ. ಮೈನಸ್ ನಲವತ್ತು ಡಿಗ್ರಿ.

"ಚಂದಾಪುರದಾಗಾ?" ಅಪ್ಪ ಬಗ್ಗಿ ನೋಡಿದ. "ಹೋಗಿ ನನ್ನ ಸ್ವೆಟರ್ ತಗಂಬಾ."

ಬಾನೆಟ್ ಎತ್ತಿದೆವು. ಏರ್ ಫಿಲ್ಟರಿನ ಕಪ್ಪು ಡಬ್ಬಿಯ ಮೇಲೆ ಆಯುಧಪೂಜೆಯ ಮೂರೆಳೆ ವಿಭೂತಿ, ನಡುವೆ ಕುಂಕುಮ. ನನಗೆ ಅಷ್ಟೇ ಸಾಕಾಯಿತು. "ಸಿಕ್ತು! ಪೂಜೆ ದಿನ ತಂಬಿಗೆಯಿಂದ ನೀರು ಚಿಮುಕಿಸಿದ್ದು ಯಾರು? ಕನೆಕ್ಷನ್ನಿಗೆ ತೇವ ಹೋಗಿದೆ. ಭಕ್ತಿ ಜಾಸ್ತಿ ಆಗಿದ್ದಕ್ಕೆ ಈ ಶಿಕ್ಷೆ. ಅಮ್ಮನ ಕಾಲಿಗೂ ಇದಕ್ಕೂ ಸಂಬಂಧವಿಲ್ಲ."

ಅಪ್ಪ ಡಬ್ಬಿಯ ಕಡೆ ಬಗ್ಗಿದ. ಅವನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಯಾವ ಜೋಡಣೆಯನ್ನೂ ಕಣ್ಣಿನಿಂದ ನೋಡಿ ಪಾಸು ಮಾಡುವುದಿಲ್ಲ, ಎರಡು ಬೆರಳಲ್ಲಿ ಒಮ್ಮೆ ಎಳೆದು ನೋಡುತ್ತಾನೆ. ಮನೆಯ ಕುಕ್ಕರ್ ಹಿಡಿ, ನನ್ನ ಬ್ಯಾಗಿನ ಪಟ್ಟಿ ಯಾವುದನ್ನೂ ಬಿಟ್ಟವನಲ್ಲ. ಡಬ್ಬಿಯ ಪಕ್ಕದ ಸೆನ್ಸರಿಗೆ ಹೋಗಿದ್ದ ವೈರಿನ ಪ್ಲಗ್ಗನ್ನೂ ಹಾಗೇ ಎಳೆದ. ಅದು ಹೂವಿನ ಹಾಗೆ ಕೈಗೆ ಬಂತು.

ಒಳಗೆ ತೇವವಿರಲಿಲ್ಲ. ಒಂದು ಹನಿ ನೀರಿನ ಕಲೆಯೂ ಇಲ್ಲ.

"ಇದು ಲಾಕೇ ಆಗಿಲ್ಲ. ಸುಮ್ನೆ ತಗಲಿಸಿಟ್ಟಾರ. ಗುಂಡಿಗೆ ಇಳಿದ್ರೆ ಬಿಡ್ತೈತಿ, ಆಗ ಮೈನಸ್ ನಲವತ್ತು ಅಂತೈತಿ," ಎಂದ ಅಪ್ಪ. "ಫಿಲ್ಟರ್ ಬಿಚ್ಚಬೇಕಂದ್ರೆ ಇದನ್ನ ತೆಗೀಬೇಕು. ಯಾರು ಬಿಚ್ಚಿದ್ರು?"

ಬಿಚ್ಚಿದವಳು ನಾನು. ಆಯುಧಪೂಜೆಯ ಬೆಳಿಗ್ಗೆ, "ಚಕ್ರಕ್ಕೆ ನಿಂಬೆಹಣ್ಣು ಇಟ್ರೆ ಮೈಲೇಜ್ ಬರುತ್ತಾ? ಸರ್ವಿಸ್ ಮಾಡೋದೇ ನಿಜವಾದ ಪೂಜೆ," ಎಂದು ಭಾಷಣ ಬಿಗಿದು, ಅಪ್ಪ ಅಮ್ಮ ಹೂ ಕಟ್ಟಿ ಮುಗಿಸುವುದರೊಳಗೆ ಏರ್ ಫಿಲ್ಟರ್ ತೆಗೆದು ಧೂಳು ಕೊಡವಿ ಹಾಕಿದ್ದೆ. ಪ್ಲಗ್ ಕೂರುವಾಗ ಟಕ್ ಎನ್ನಬೇಕು. ಭಾಷಣ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನನಗೆ ಟಕ್ ಕೇಳಿಸಿರಲಿಕ್ಕಿಲ್ಲ.

"ನಾನೇ," ಎಂದೆ.

ಅಪ್ಪ ಕಾರಿನ ಮೇಲೆ ಕೈಯೂರಿಕೊಂಡು ನಕ್ಕ. "ನಾಸ್ತಿಕರ ಪೂಜೆ ಫಲ ಕೊಡ್ತು ನೋಡು! ಲೇ, ಬಾ ಇಲ್ಲಿ, ಕಳ್ಳಿ ಸಿಕ್ಕಳು!"

ಅಮ್ಮ ತೊಗರಿಬೇಳೆ ತರಲೆಂದು ಚೀಲ ಹಿಡಿದು ಕೆಳಗಿಳಿದು ಬಂದಿದ್ದಳು. ಅಪ್ಪ ನಗುನಗುತ್ತಲೇ ಎಲ್ಲಾ ವರದಿ ಒಪ್ಪಿಸಿದ. ಅಮ್ಮ ನಗಲಿಲ್ಲ.

"ಇವಳು ಬಿಚ್ಚಿದ್ಲು. ನೀವು ನೋಡ್ದೆ ತೀರ್ಪು ಕೊಟ್ರಿ. ಎರಡು ವಾರ ಬಸ್ಸಿನಾಗೆ ನಿಂತಿದ್ದು ಯಾರು?"

ಚರ್ಚಾಸ್ಪರ್ಧೆಯಲ್ಲಿ ಇಷ್ಟು ಚಿಕ್ಕ ವಾದವನ್ನು ನಾನು ಕೇಳಿರಲಿಲ್ಲ. ಅಪ್ಪ ಪ್ಲಗ್ಗನ್ನು ಒತ್ತಿದ. ಟಕ್. ಫೋನು ಇಪ್ಪತ್ತೇಳು ಡಿಗ್ರಿ ತೋರಿಸಿತು. ನಾನು ಕೋಡ್ ಅಳಿಸಿದೆ, ದೀಪ ಆರಿತು. ಅಮ್ಮ ಕೈ ಚಾಚಿ ನಿಂತಿದ್ದಳು.

"ಒಂದ್ ರೌಂಡ್ ನಾನು ಟೆಸ್ಟ್..." ಎಂದು ಅಪ್ಪ ಶುರು ಮಾಡಿದ.

"ಟೆಸ್ಟ್ ನಾನೇ ಮಾಡ್ತೀನಿ. ಇಬ್ರೂ ಹಿಂದೆ ಕೂತ್ಕಳ್ರಿ."

ಅಪ್ಪ ಕೀ ಕೊಟ್ಟು ಬನಿಯನ್ನಿನಲ್ಲೇ ಹಿಂದೆ ಹತ್ತಿದ. ಸರ್ವಿಸ್ ರೋಡಿನ ಗುಂಡಿಗಳನ್ನು ಅಮ್ಮ ಅವತ್ತು ಒಂದನ್ನೂ ತಪ್ಪಿಸಲಿಲ್ಲ. ಬೇಕೆಂದೇ ಇಳಿಸುತ್ತಿದ್ದಳು ಎಂದು ನನ್ನ ಅನುಮಾನ. ನಾನೂ ಅಪ್ಪನೂ ತಲೆಗೆ ತಲೆ ತಾಗಿಸಿ ಫೋನು ನೋಡುತ್ತಾ "ಮೂವತ್ತು... ಮೂವತ್ತೊಂದು..." ಎಂದು ಜೋರಾಗಿ ಓದುತ್ತಿದ್ದೆವು. ಹೆದ್ದಾರಿಗೆ ಏರಿದ ಮೇಲೂ ನಿಲ್ಲಿಸಲಿಲ್ಲ.

"ಸ್ವಲ್ಪ ಸುಮ್ನಿರ್ತೀರಾ ಇಬ್ರೂ?" ಎಂದಳು ಅಮ್ಮ. "ಲಾರಿ ಹಿಂದೆ ಹಾಕ್ತಾ ಇದೀನಿ."

ಸುಮ್ಮನಾದೆವು. ಅವಳು ಇಂಡಿಕೇಟರ್ ಹಾಕಿ, ಒಮ್ಮೆ ಹಾರ್ನ್ ಹೊಡೆದು, ನಿಧಾನವಾಗಿ ಬಲಕ್ಕೆ ತೆಗೆದುಕೊಂಡಳು.