ಎರಡು ಮಿಸ್ ಕಾಲ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಕನ್ನಡಕ ಒರೆಸಿ, ಚಹಾ ಕುಡಿದು ಎದ್ದಿದ್ದೇನೆ. ಮುಂದೂಡುವುದರಲ್ಲಿ ಅಥಣಿ ರಸ್ತೆಯ ಈ ಓಣಿಯಲ್ಲಿ ನನ್ನಷ್ಟು ಪಳಗಿದವರಿಲ್ಲ.

ಮೊಮ್ಮಗಳು ಸುಧಾ ವಿಜಯಪುರದಲ್ಲೇ ಇಂಜಿನಿಯರಿಂಗ್ ಓದುತ್ತಾಳೆ. ಬೇರೆ ಬೇರೆ ಕಡೆ ಕೂತ ಹತ್ತಾರು ಪ್ರೊಸೆಸರ್‌ಗಳು ಒಂದೇ ಕೆಲಸ ಮಾಡುವಾಗ ತಮ್ಮತಮ್ಮಲ್ಲಿ ಹೇಗೆ ಮಾತಾಡಬೇಕೆಂಬ ನಿಯಮ ಕಟ್ಟುವುದು ಅವಳ ಪ್ರಾಜೆಕ್ಟ್. ಅದಕ್ಕೆ ಪ್ರೊಟೊಕಾಲ್ ಎನ್ನುತ್ತಾರಂತೆ. ಮಂತ್ರಿ ಬಂದಾಗ ಪೊಲೀಸರು ಪಡುವ ಪಾಡಷ್ಟೇ ಪ್ರೊಟೊಕಾಲ್ ಎಂದು ನಾನು ತಿಳಿದಿದ್ದೆ.

“ಮುತ್ಯಾ, ಒಂದು ಮಷೀನ್ ಸುದ್ದಿ ಕಳಿಸೈತಿ, ಉತ್ತರ ಬರವಲ್ದು. ಆ ಕಡೇದು ಕೆಟ್ಟೈತೋ, ಕೆಲಸದಾಗೈತೋ, ನಡುವ ದಾರಿನ ಹರದೈತೋ, ಹೆಂಗ ತಿಳೀಬೇಕು?”

“ತಿಳಿಯಂಗಿಲ್ಲವ್ವಾ. ಮತ್ತ ಕೇಳಬೇಕು, ಕಾಯಬೇಕು.”

“ಅಯ್ಯ, ಯಾವ ಕಾಲೇಜಿನಾಗ ಕಲ್ತಿ ಇದನ್ನ?”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ನಾನು ಕಲಿತದ್ದು ಹಿಂದೆ ಕೆಲಸಕ್ಕಿದ್ದ, ತಿಕೋಟಾ ಹತ್ತಿರದ ಘೋಣಸಗಿಯ ದ್ರಾಕ್ಷಿ ತೋಟದಲ್ಲಿ. ಬಾವಿಯ ಮೋಟಾರು ನನ್ನ ಕೈಯಲ್ಲಿ. ಎರಡು ಕಿಲೋಮೀಟರ್ ಆಚೆ, ಪೈಪಿನ ಇನ್ನೊಂದು ತುದಿಯ ವಾಲ್ವ್ ಒಬ್ಬ ಆಳಿನ ಕೈಯಲ್ಲಿ. ವಾಲ್ವ್ ತೆರೆಯದೆ ಮೋಟಾರು ಹಚ್ಚಿದರೆ ಪೈಪು ಒಡೆಯುತ್ತದೆ. ಹೈಸ್ಕೂಲು ಓದಿದವನೆಂಬ ಗತ್ತಿನಲ್ಲಿ ನಿಯಮ ಮಾಡಿದವನು ನಾನೇ. ನನ್ನದೊಂದು ಮಿಸ್ ಕಾಲ್ ಹೋದರೆ ‘ಹಚ್ಚಲೇ?’ ಎಂದು, ಅವನಿಂದ ಎರಡು ಬಂದರೆ ‘ತೆರೆದೀನಿ, ಹಚ್ರಿ’ ಎಂದು.

ಒಂದು ದಿನ ಉತ್ತರ ಬರಲಿಲ್ಲ. ಕರೆಂಟು ಹೋಗುವ ಹೊತ್ತಾಗಿತ್ತು. ರೇಂಜ್ ಇರಲಿಕ್ಕಿಲ್ಲ ಎಂದುಕೊಂಡು ಹಚ್ಚಿಬಿಟ್ಟೆ. ಅವನಿನ್ನೂ ವಾಲ್ವ್ ಮುಚ್ಚಿ ಪಕ್ಕದ ಫಿಲ್ಟರ್ ತೊಳೆಯುತ್ತಿದ್ದ. ಪೈಪು ಮೂರು ಕಡೆ ಸೀಳಿತು. ಹೂ ಬಿಟ್ಟ ಬಳ್ಳಿ ನೀರಿಲ್ಲದೆ ಬಾಡಿತು.

ತೋಟದ ಗೌಡರು ವಿಚಾರಿಸಿದಾಗ, “ಎರಡು ಬಂದಿದ್ವರಿ” ಎಂದೆ. ಮೊಬೈಲು ನನ್ನ ಕಿಸೆಯಲ್ಲೇ ಇತ್ತು. ತೋರಿಸೆಂದು ಯಾರೂ ಕೇಳಲಿಲ್ಲ.

ಅಲ್ಲೇ ನಿಂತಿದ್ದ ಆಳು ನನ್ನ ಮುಖ ನೋಡಿದ. “ಕಾಕಾ ಹೇಳ್ತಾರಂದ್ರ ಹಂಗ ಇರಬೇಕ್ರಿ. ನನ್ನ ಕೈನ ತಪ್ಪಿ ಫೋನಿನ ಬಟನ್‌ಗೆ ತಾಗಿರಬೇಕು.” ಅಂದೇ ಅವನನ್ನು ಕೆಲಸದಿಂದ ಬಿಡಿಸಿದರು.

ಮೊನ್ನೆ ಸುಧಾಳನ್ನು ಕೇಳಿದೆ: “ಉತ್ತರ ಬರದಿದ್ರೂ ಬಂತು ಅಂತ ಸುಳ್ಳ ಹೇಳೂ ಮಷೀನ್ ಇದ್ರ?”

“ಕೆಟ್ಟದ್ದಕ್ಕಿಂತ ಅದ ಭಾಳ ಅಪಾಯ ಮುತ್ಯಾ. ಅದನ್ನ ಹುಡುಕಿ ಹೊರಗ ಇಡಬೇಕು.”

ನಾವು ಹೊರಗಿಟ್ಟದ್ದು ನೆಟ್ಟಗಿದ್ದುದನ್ನು.

ಅವನೀಗ ಗಾಂಧಿ ಚೌಕದಲ್ಲಿ ಆಟೊ ಓಡಿಸುತ್ತಾನೆ. ಕಂಡಾಗಲೆಲ್ಲ ನಿಲ್ಲಿಸಿ, “ಬರ್ರಿ ಕಾಕಾ, ಮನೀತನಕ ಬಿಡ್ತೀನಿ” ಎನ್ನುತ್ತಾನೆ. “ನಡೀಬೇಕಂತ ಡಾಕ್ಟರ್ ಹೇಳ್ಯಾರಪಾ” ಎಂದು ಇನ್ನೊಂದು ಸುಳ್ಳು ಹೇಳಿ ಬಿಸಿಲಲ್ಲಿ ನಡೆಯುತ್ತೇನೆ. ನಾಳೆ ಆ ಆಟೊ ಹತ್ತಬೇಕು. ತಪ್ಪಾಯಿತು ಎನ್ನುವುದಕ್ಕೆ ಮೊದಲು ಹೆಸರು ಹಿಡಿದು ಕರೆಯಬೇಕು. ಬಬಲೇಶ್ವರದ ಸಂಗಪ್ಪ ಅವನು.