ಊದಿದ ಕಾಲು, ಬಿಗಿದ ಕಾಲುಂಗುರ

ನಮ್ಮತ್ತೆಗೆ ಬೀಪಿ ಇದೆಯೆಂದು ಗೊತ್ತಾದದ್ದು ಮಾವನ ಎದೆನೋವಿನ ದೆಸೆಯಿಂದ. ಮಾವನಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿ ವಾರ್ಡಿಗೆ ತಂದು ಮಲಗಿಸಿದ್ದರು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಯಾಕೋ ತಲೆ ಸುತ್ತುತ್ತದೆ ಎಂದರು. ನರ್ಸು ಅವರ ತೋಳಿಗೂ ಪಟ್ಟಿ ಕಟ್ಟಿ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಡಾಕ್ಟರನ್ನು ಕರೆದಳು. ರೋಗಿಯನ್ನು ನೋಡಿಕೊಳ್ಳಲು ಹೋದವರು ತಾವೂ ರೋಗಿಯಾಗಿ ಅಕ್ಕೂರಿನ ಮನೆಗೆ ಬಂದರು. ಕೈಚೀಲದಲ್ಲಿ ಮಾವನ ಮಾತ್ರೆಗಳ ಜೊತೆ ಅವರದೂ ಒಂದು ಸೇರಿಕೊಂಡಿತ್ತು, ಆಮ್ಲೊಡಿಪಿನ್.

ತಮಗೂ ಕಾಯಿಲೆ ಇದೆ ಎಂಬುದನ್ನು ಅತ್ತೆ ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ. ಅವರ ಚಿಂತೆಯೆಲ್ಲ ಮಾವನದು. ಮಾವ ಕೆಮ್ಮಿದರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದರು. ಮಾವ ಹಿಪ್ಪುನೇರಳೆ ತೋಟದ ಕಡೆ ಹೊರಟರೆ, ಬದು ದಾಟಿ ಕಣ್ಣಿಗೆ ಕಾಣದಾಗುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದರು. ಮಾತ್ರೆಯನ್ನೇನೋ ನುಂಗುತ್ತಿದ್ದರು, ಅದೂ ನನ್ನ ಬೈಗುಳಕ್ಕೆ ಹೆದರಿ. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಪಾಠ ಹೇಳುವವಳು. ಮನೆಯಲ್ಲೂ ಬೆತ್ತ ಹಿಡಿದೇ ಓಡಾಡುತ್ತಾಳೆ ಎಂದು ನನ್ನ ಗಂಡ ಗೇಲಿ ಮಾಡುವುದುಂಟು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅತ್ತೆಯ ಅಂಗೈಗೆ ಮಾತ್ರೆ ಹಾಕಿ, ಅವರು ನೀರು ಕುಡಿಯುವುದನ್ನು ನೋಡಿಯೇ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಬೀಪಿ ಅಂದುಕೊಂಡಷ್ಟು ಇಳಿಯಲಿಲ್ಲವೆಂದು ನಮ್ಮ ಕಡೆಯ ಡಾಕ್ಟರು ಡೋಸು ಹೆಚ್ಚಿಸಿದರು. ಬೀಪಿ ಇಳಿಯಿತು, ಆದರೆ ಕಾಲು ಊದತೊಡಗಿತು. ಬೆಳಿಗ್ಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಸಂಜೆಗೆ ಪಾದದ ಮೇಲಿನ ಹರಡಿನ ಮೂಳೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಹುಳದ ಮನೆಯಲ್ಲಿ ಇಡೀ ದಿನ ನಿಂತು ರೇಷ್ಮೆಹುಳಕ್ಕೆ ಸೊಪ್ಪು ಹಾಕುವವರ ಕಾಲು ಊದದೆ ಇನ್ನೇನಾದೀತು ಎಂದು ಮನೆಯವರೆಲ್ಲ ಅಂದುಕೊಂಡೆವು. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂತಿರಿ ಎಂದೆ. ಅವರು ಕೂತರು, ಅದರಿಂದೇನೂ ಆಗಲಿಲ್ಲ.

ತೊಂದರೆಯಾದದ್ದು ಊತದಿಂದಲ್ಲ, ಕಾಲುಂಗುರದಿಂದ. ಅತ್ತೆಯದು ಹಳೇ ಕಾಲದ ಗಟ್ಟಿ ಬೆಳ್ಳಿಯದು, ಮದುವೆಯ ದಿನ ತೊಡಿಸಿದ್ದು. ಬೆರಳು ದಪ್ಪಗಾಗಿ ಉಂಗುರ ಚರ್ಮದೊಳಕ್ಕೆ ಹೂತುಹೋಯಿತು. ಸುತ್ತ ಕೆಂಪಗೆ ಹಸಿಯಾಗಿ ನೀರು ಜಿನುಗುತ್ತಿತ್ತು. ಅರಿಶಿನ ಮೆತ್ತಿಕೊಂಡು ಓಡಾಡುತ್ತಿದ್ದರು. ಒಂದು ಸಂಜೆ ಜಗುಲಿಯ ಮೇಲೆ ಕೂತು ಅದನ್ನು ತಿರುಗಿಸಲು ನೋಡುತ್ತಾ ಹಲ್ಲು ಕಚ್ಚಿದ್ದನ್ನು ಮಾವ ಕಂಡರು.

“ಲೇ, ಅಕ್ಕಸಾಲಿ ತಾವ ವೋಗಿ ಕುಯ್ಯಿಸ್ಬುಡೇ. ಒಸಿ ದೊಡ್ಡದು ಮಾಡಿಸ್ಕಂಡು ಇಕ್ಕಂಡ್ರಾಯ್ತದೆ” ಎಂದರು.

“ಬಾಯ್ ಮುಚ್ಕ. ಎದೆಗೆ ಸ್ಪ್ರಿಂಗ್ ಇಕ್ಕಿಸ್ಕಂಡು ಕುಂತಿದ್ದೀಯೆ, ಈಗ ನಾನು ಕಾಲುಂಗ್ರ ಕುಯ್ಯಿಸ್ಲಾ?”

ಮಾವ ನಕ್ಕರು. ನನಗೆ ನಗು ಬರಲಿಲ್ಲ. ಗಂಡ ಇರುವ ತನಕ ಹೆಂಗಸಿನ ಕಾಲಿನಿಂದ ಕಾಲುಂಗುರ ಇಳಿಯಬಾರದು, ಇಳಿಸುವುದು ಅವನು ಸತ್ತಾಗ ಎಂದು ಬಲವಾಗಿ ನಂಬಿದವರು ಅತ್ತೆ. ನಾನು ನನ್ನದನ್ನು ವಾಕಿಂಗ್ ಶೂ ಹಾಕುವಾಗ ತೆಗೆದು ಕಿಟಕಿಯ ಮೇಲಿಡುತ್ತೇನೆ. ಅದನ್ನು ಅವರು ಕಂಡೂ ಕಾಣದವರಂತೆ ಇದ್ದುಬಿಡುತ್ತಿದ್ದರು. ತಮ್ಮ ವಿಷಯಕ್ಕೆ ಬಂದರೆ ಮಾತ್ರ ಆ ಬೆಳ್ಳಿಯ ಸುತ್ತು ಕಳಚಿದ ಗಳಿಗೆಯಲ್ಲೇ ಮಾವನ ಎದೆ ನಿಂತುಹೋಗುತ್ತದೆ ಎಂಬ ಭಯ. ಒಂದು ಸಲ ಸಾವಿನ ಬಾಗಿಲಿಗೆ ಹೋಗಿ ಬಂದ ಗಂಡನನ್ನು ಮತ್ತೆ ಪರೀಕ್ಷೆಗೆ ಒಡ್ಡಲು ಅವರು ತಯಾರಿರಲಿಲ್ಲ.

ಆ ನಡುವೆ ಕುದೂರಿನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದರು. ಹೋದವರು ಮಾತ್ರೆಯನ್ನು ಇಲ್ಲೇ ಮರೆತಿದ್ದರು. ಅಲ್ಲಿ ಕೆಲವು ದಿನ ಉಳಿದುಕೊಂಡಾಗ ಕಾಲಿನ ಊತ ಇಳಿಯಿತು, ಉಂಗುರ ಸಡಿಲವಾಯಿತು. ಊರಿಗೆ ಬಂದು ಮತ್ತೆ ನುಂಗತೊಡಗಿದಾಗ ಊತ ಬಂತು. ಕಾಲು ಊದಿಸುತ್ತಿರುವುದು ಈ ಮಾತ್ರೆಯೇ ಎಂದು ಅತ್ತೆ ಕಂಡುಕೊಂಡರು. ಓದು ಬರಹ ಬಾರದವರು, ಆದರೆ ಹುಳ ಸಾಕಿದ ಕಣ್ಣು. ಯಾವ ಸೊಪ್ಪಿನಿಂದ ಹುಳ ಸೊರಗಿತು ಎಂದು ಹೇಳಬಲ್ಲವರಿಗೆ ಇದೇನೂ ದೊಡ್ಡ ವಿಷಯವಾಗಿರಲಿಲ್ಲ. ಅವರು ಕಂಡುಕೊಂಡದ್ದು ಸರಿಯಾಗಿಯೇ ಇತ್ತು, ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ನನಗೆ ಹೇಳಿದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೇನೆ, ಅವರು ಮೊದಲು ಉಂಗುರ ಕತ್ತರಿಸಿ ಅನ್ನುತ್ತಾರೆ ಎಂಬ ಹೆದರಿಕೆ. ನಾನು ಕೊಟ್ಟ ಮಾತ್ರೆಯನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡು, ನೀರು ಕುಡಿದು, ಹಿತ್ತಲಿಗೆ ಹೋಗಿ ಉಗಿಯುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವರ ಬಾಯಿಂದಲೇ.

ಅವರ ಕಾಲು ನೆಟ್ಟಗಾದದ್ದನ್ನು ನೋಡಿ ನಾವೆಲ್ಲ ಸಂತೋಷಪಟ್ಟೆವು. ಮೈಗೆ ಮಾತ್ರೆ ಒಗ್ಗಿತು ಎಂದು ಮಾವ ಹೇಳಿದರು, ನಾವು ಹೌದೆಂದೆವು. ಅತ್ತೆ ಲವಲವಿಕೆಯಿಂದ ಓಡಾಡುತ್ತಿದ್ದರು. ತಲೆನೋವಿಲ್ಲ, ಸುಸ್ತಿಲ್ಲ. ಬೀಪಿ ಅನ್ನುವುದು ಕೂಗಿ ಹೇಳಿ ಬರುವ ಕಾಯಿಲೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಜ್ವರವೆಂದರೆ ಹುಳ ತಿನ್ನದೆ ತಲೆಯೆತ್ತಿ ಮಲಗಿ ಪೊರೆ ಬಿಡುವ ಹೊತ್ತು. ಎದ್ದ ಮೇಲೆ ಅದರ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಭಾನುವಾರವಾದ್ದರಿಂದ ನಾನೂ ಅತ್ತೆಯೂ ಸೇರಿ ಕಡ್ಡಿಸೊಪ್ಪು, ಅಂದರೆ ಕಡ್ಡಿ ಸಮೇತ ಕೊಯ್ದ ಸೊಪ್ಪು, ಹರಡುತ್ತಿದ್ದೆವು. ಅತ್ತೆಯ ಎಡಗೈಯಿಂದ ಸೊಪ್ಪಿನ ಕಟ್ಟು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಪಕ್ಕಕ್ಕೆ ಕುಸಿದರು. ಏನಾಯಿತು ಎಂದು ಕೇಳಿದರೆ ಏನೋ ಹೇಳಿದರು, ಮಾತು ತೊದಲಾಗಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು ಕಿರುಚಿದೆ. ನನ್ನ ಗಂಡ ಕಾರು ತೆಗೆದ. ಚನ್ನಪಟ್ಟಣದಲ್ಲಿ ನೋಡಿದವರು ಇಲ್ಲಿ ಆಗುವುದಿಲ್ಲ, ಮುಂದೆ ಕರೆದುಕೊಂಡು ಹೋಗಿ ಎಂದರು. ರಾಮನಗರ ದಾಟಿ ಬೆಂಗಳೂರು ಸೇರುವ ತನಕ ಮಾವ ಹಿಂದಿನ ಸೀಟಿನಲ್ಲಿ ಅತ್ತೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ತಲೆಯ ಎಂಆರ್‌ಐ ಮಾಡಬೇಕು, ಮೈಮೇಲೆ ಲೋಹದ್ದು ಏನೂ ಇರಬಾರದು ಎಂದರು. ಓಲೆ, ಮೂಗುತಿ, ತಾಳಿ ಎಲ್ಲವನ್ನೂ ನಾನು ಬಿಚ್ಚಿದೆ. ಅತ್ತೆ ಅರೆಗಣ್ಣು ಮುಚ್ಚಿ ಮಂಪರಿನಲ್ಲಿದ್ದರು. ಕಾಲುಂಗುರದ ಹತ್ತಿರ ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಮಾವ ನನ್ನನ್ನು ಪಕ್ಕಕ್ಕೆ ಸರಿಸಿ ಕೆಳಗೆ ಕೂತರು. ನರ್ಸು ಒಂದಿಷ್ಟು ಸೋಪಿನ ನೀರು ಕೊಟ್ಟಳು. ಕತ್ತರಿಯೂ ಬೇಕಾಗಲಿಲ್ಲ, ಎಳೆಯುವುದೂ ಬೇಕಾಗಲಿಲ್ಲ. ಊತವೇ ಇರಲಿಲ್ಲವಲ್ಲ, ಎರಡೂ ಸಲೀಸಾಗಿ ಜಾರಿ ಮಾವನ ಅಂಗೈಗೆ ಬಂದವು. ಅವರು ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದರು.

ಡಾಕ್ಟರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದಾಗ ನಾನು ಎದೆ ತಟ್ಟಿ ಹೌದೆಂದೆ. ನಾಲ್ಕಾರು ದಿನವಾದ ಮೇಲೆ ಮಾತು ಸ್ವಲ್ಪ ಸ್ಪಷ್ಟವಾದಾಗ ಅತ್ತೆಯೇ ನನ್ನನ್ನು ಹತ್ತಿರ ಕರೆದು ಹೇಳಿದರು. “ಡಾಕ್ಟ್ರ ತಾವ ಸುಳ್ಳು ಯೋಳ್ಬ್ಯಾಡ ಕಣವ್ವ. ನಾನು ನುಂಗ್ತಿರ್ನಿಲ್ಲ. ಉಗುದ್ಬುಡ್ತಿದ್ದೆ.” ಕುದೂರಿನ ಕಥೆ, ಕೆನ್ನೆಯ ಕಥೆ ಎಲ್ಲ ಹೊರಬಂತು. ನನಗೆ ಬಂದ ಸಿಟ್ಟಿಗೆ ಅವರ ಮುಖ ನೋಡಲಾಗದೆ ವರಾಂಡಕ್ಕೆ ಬಂದುಬಿಟ್ಟೆ. ಇಷ್ಟು ಬುದ್ಧಿವಂತೆ, ಒಮ್ಮೆ ಬಾಯಿ ಬಿಡಬಾರದಿತ್ತೇ?

ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಇವು ರಕ್ತನಾಳವನ್ನು ಸಡಿಲಿಸಿ ಬೀಪಿ ಇಳಿಸುವ ಮಾತ್ರೆಗಳು, ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಅನ್ನುತ್ತಾರೆ. ಕೆಲವರಿಗೆ ಪಾದ ಊದುತ್ತದೆ, ಡೋಸು ಹೆಚ್ಚಿದಂತೆ ಊತವೂ ಹೆಚ್ಚಬಹುದು. ಬೇರೆ ಕಾರಣಕ್ಕೂ ಕಾಲು ಊದಬಹುದು, ಆದ್ದರಿಂದ ತೋರಿಸಲೇಬೇಕು. ಮಾತ್ರೆಯದೇ ಎಂದಾದರೆ ಡೋಸು ಇಳಿಸಬಹುದು, ಜೊತೆಗೆ ಇನ್ನೊಂದನ್ನು ಸೇರಿಸಬಹುದು, ಮಾತ್ರೆಯನ್ನೇ ಬದಲಾಯಿಸಬಹುದು. ತಾವಾಗಿ ಬಿಟ್ಟರೆ ಮಾತ್ರ ಬೀಪಿ ಸದ್ದಿಲ್ಲದೆ ಏರಿ ಕೂರುತ್ತದೆ. “ಒಂದು ಮಾತು ಹೇಳಿದ್ದರೆ ಸಾಕಿತ್ತಮ್ಮ” ಎಂದರು. ಡೋಸು ಹೆಚ್ಚಿಸಿದ ದಿನವೇ ಆ ಒಂದು ಮಾತನ್ನು ನಮಗೂ ಯಾರಾದರೂ ಹೇಳಿದ್ದರೆ ಎಂದು ನಾನು ತಿರುಗಿಸಿ ಕೇಳಿದೆ. ಹೌದು, ಹೇಳಬೇಕಿತ್ತು ಎಂದು ಅವರು ತಲೆಯಾಡಿಸಿದರು.

ಈಗ ಅತ್ತೆಗೆ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಎಡಪಾದ ಮುಟ್ಟಿದರೆ ಗೊತ್ತಾಗುವುದಿಲ್ಲ. ನಡುಮನೆಯ ಮಂಚದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾರೆ. ಹುಳ ಸಾಕುವುದನ್ನು ನಿಲ್ಲಿಸಿದ್ದೇವೆ. ಮಾತ್ರೆ ಬದಲಾಗಿದೆ, ಬೀಪಿ ಹದದಲ್ಲಿದೆ, ಕಾಲು ಊದುವುದಿಲ್ಲ. ಇಷ್ಟು ಸುಲಭವಾಗಿತ್ತು.

ಆಸ್ಪತ್ರೆಯಿಂದ ಹೊರಡುವ ಮೊದಲು ಅವರು ನಿದ್ದೆಯಲ್ಲಿದ್ದಾಗ ಮಾವ ಉಂಗುರಗಳನ್ನು ಮತ್ತೆ ತೊಡಿಸಿದ್ದರು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮೊನ್ನೆ ಬೆಳಿಗ್ಗೆ ಮಾತ್ರೆ ಕೊಡಲು ಮಾವ ಮಂಚದ ಹತ್ತಿರ ಬಂದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

“ಅಲ್ಲಿ ಮಿಷನ್ನೊಳಕ್ಕೆ ಆಕುವಾಗ ಕಾಲುಂಗ್ರ ತೆಗೆದ್ರಾ?”

ಮಾವ ನನ್ನ ಕಡೆ ನೋಡಿದರು. ತೆಗೆದೆವು, ನಿಮ್ಮ ಗಂಡನಿಗೆ ಏನೂ ಆಗಲಿಲ್ಲ, ನೋಡಿ ಎದುರಿಗೇ ನಿಂತಿದ್ದಾರೆ ಎಂದು ಹೇಳಿಬಿಡಬೇಕೆಂದು ನನ್ನ ನಾಲಿಗೆಯ ತುದಿಯ ತನಕ ಬಂದಿತ್ತು. ಅತ್ತೆಯ ಎಡಗಾಲು ದಿಂಬಿನ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

“ಇಲ್ಲ ಕಣೇ, ತೆಗೀಲಿಲ್ಲ” ಎಂದರು ಮಾವ.

ಅತ್ತೆಯ ಸೊಟ್ಟ ಬಾಯಿಯಲ್ಲಿ ನಗು ಕಂಡಿತು. “ನೋಡ್ದಾ, ಅದ್ಕೇ ನೀನು ಉಳ್ಕಂಡೆ” ಎಂದರು.

ಮಾವ ಹೂಂ ಎಂದು ಮಾತ್ರೆಯನ್ನು ಅವರ ನಾಲಿಗೆಯ ಮೇಲಿಟ್ಟು ನೀರಿನ ಲೋಟ ಹಿಡಿದರು.