ಖಬರಗೇಡಿಯ ಕೈ

ನಮ್ಮ ಮನೆಯಲ್ಲಿ ಪ್ರಜ್ಞೆ ಅನ್ನುವ ಶಬ್ದವನ್ನು ಯಾರೂ ಬಳಸುತ್ತಿರಲಿಲ್ಲ. ಅದು ಪಾಠದ ಪುಸ್ತಕದಲ್ಲಿತ್ತು, ಸ್ವಾಮಿಗಳ ಪ್ರವಚನದಲ್ಲಿತ್ತು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಇದ್ದದ್ದು ಖಬರ. ಜ್ವರ ತಲೆಗೇರಿ ಯಾರಾದರೂ ಮೈಮರೆತು ಬಿದ್ದರೆ "ಖಬರ ತಪ್ಯಾನ" ಅನ್ನುವರು. ಕಣ್ಣು ತೆರೆದರೆ "ಖಬರ ಬಂತು" ಅನ್ನುವರು. ಊರಿಂದ ಸುದ್ದಿ ಬಂದರೂ "ಖಬರ ಬಂತು" ಅಂತಲೇ. ಇನ್ನು ಖಬರವೇ ಇಲ್ಲದೆ ಓಡಾಡುವವರಿಗೆ ಖಬರಗೇಡಿ ಅಂತ ಹೆಸರು. ನಮ್ಮ ಮನೆಯಲ್ಲಿ ಆ ಹೆಸರು ನನ್ನೊಬ್ಬಳಿಗೇ ಮೀಸಲಾಗಿತ್ತು.

ಸಾಲಿಯ ಹಾಜರಿಯಲ್ಲಿ ನನಗೆ ಬೇರೆ ಹೆಸರಿತ್ತು, ಚಂದದ್ದೇ ಇತ್ತು. ಅವ್ವ ಅದನ್ನು ಕರೆದದ್ದು ನನಗೆ ನೆನಪಿಲ್ಲ. "ಏ ಖಬರಗೇಡಿ, ಹಾಲು ಉಕ್ಕಾಕತ್ತಾವು!" "ಎಲ್ಲಿ ನೋಡಾಕತ್ತಿ, ಮೈಮ್ಯಾಲೆ ಖಬರ ಐತೇನು ನಿನಗ?" ಹೀಗೇ ಬೆಳಗಾಗುತ್ತಿತ್ತು. ಹಾಲಿನ ಮುಂದೆ ನಿಲ್ಲಿಸಿದರೆ ಹಾಲನ್ನೇ ನೋಡುತ್ತ ನಿಂತಿರುತ್ತಿದ್ದೆ, ಖರೇ. ಆದರೆ ಅದು ಉಕ್ಕಿ ಒಲೆ ಆರಿದ್ದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ.

ಒಮ್ಮೆ ಹಾವೇರಿಯಲ್ಲಿದ್ದ ಸೋದರತ್ತಿಯ ಮನೆಗೆ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು ಬಾ ಅಂತ ಬಸ್‌ಸ್ಟ್ಯಾಂಡಿಗೆ ಕಳಿಸಿದರು. ನಾನು ಏನೋ ಯೋಚನೆ ಮಾಡುತ್ತ ಕಾಗಿನೆಲೆ ಬಸ್ಸು ಹತ್ತಿ ಕೂತೆ. ಎಲ್ಲರೂ ಇಳಿದರು, ನಾನೂ ಇಳಿದೆ. ಭಕ್ತರ ಹಿಂದೆ ನಡೆದೆ, ಅವರ ಸಾಲಿನಲ್ಲೇ ಕೂತು ಪ್ರಸಾದ ಉಂಡೆ. ಉಂಡ ಮೇಲೆ ನೆನಪಾಯಿತು, ಅತ್ತಿಯ ಮನೆ ಇಲ್ಲಿಲ್ಲವಲ್ಲ! ಸಂಜೆ ಡಬ್ಬಿ ಸಮೇತ ಮನೆಗೆ ಬಂದೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಹೋಗಿದ್ದರ ಹೋಗ್ಲಿ, ದೇವರಿಗರ ಕೈ ಮುಗದಿಯೋ ಇಲ್ಲೋ?" ಮುಗಿದಿರಲಿಲ್ಲ. "ಯವ್ವಾ ಯವ್ವಾ, ಅದೂ ಖಬರ ಇರಲಿಲ್ಲೇನ ನಿನಗ!" ಅಂತ ಹಣೆ ಹಣೆ ಬಡಕೊಂಡಳು. ಆಮೇಲೆ ಡಬ್ಬಿಯಿಂದ ಒಂದು ಹೋಳಿಗೆ ತೆಗೆದು ನನ್ನ ಕೈಗೇ ಕೊಟ್ಟಳು.

ನನಗೆ ಖಬರ ತರಿಸುವ ಕೆಲಸವನ್ನು ಮೊದಲು ವಹಿಸಿಕೊಂಡವನು ಕಾಕಾ, ಅಪ್ಪನ ತಮ್ಮ. ಈ ವಿದ್ಯೆಯಲ್ಲಿ ಅವನು ಭಾರಿ ಪಂಟರ್. ಮದುವೆ ಮಾಡಿಕೊಳ್ಳಲಿಲ್ಲ, ಗುತ್ತಲದ ಆಚೆ ಹೊಳೆದಂಡೆಯ ಮೇಲೆ ಬೈರಾಗಿಗಳ ಜೋಡಿ ತಿಂಗಳುಗಟ್ಟಲೆ ಇದ್ದು ಬರುತ್ತಿದ್ದ. ಮೂಗಿನ ಒಂದು ಹೊಳ್ಳೆ ಹಿಡಿದು ಇನ್ನೊಂದರಲ್ಲಿ ಉಸಿರು ಬಿಡುವುದು, ಹುಟ್ಟುವ ಸೂರ್ಯನನ್ನು ಕಣ್ಣು ಪಿಳುಕಿಸದೆ ನೋಡುವುದು, ಉಪವಾಸ, ಮೌನ, ಏಕತಾರಿ ಹಿಡಿದು ಭಜನೆ, ಒಂದೂ ಬಿಟ್ಟವನಲ್ಲ. ಚಿಲುಮೆಯನ್ನೂ ಬಿಟ್ಟಿರಲಿಲ್ಲ ಅಂತ ಅಪ್ಪ ಸಣ್ಣ ದನಿಯಲ್ಲಿ ಹೇಳುತ್ತಿದ್ದ.

"ವೈನಿ, ಖಬರ ಅನ್ನೂದು ಹಿಗ್ಗತೈತಿ," ಅವ್ವನಿಗೆ ಅನ್ನುತ್ತಿದ್ದ ಕಾಕಾ, ಕಣ್ಣು ಅರ್ಧ ಮುಚ್ಚಿ. "ಹಿಗ್ಗಿ ಹಿಗ್ಗಿ, ಈ ಮನಿ, ಈ ಊರು, ಹೊಳಿ, ಎಲ್ಲಾ ಅದರೊಳಗ ಕುಂದರತೈತಿ."

"ಕುಂದರವಲ್ದ್ಯಾಕ," ಅನ್ನುವಳು ಅವ್ವ. "ಮೊದಲ ಆ ಧೋತರ ಸರಿ ಮಾಡಿ ಉಟ್ಕೋ ಮಾರಾಯ. ಓಣ್ಯಾಗಿನ ಮಂದಿ ನೋಡಾಕತ್ತಾರ."

ಕಾಕಾ ನನ್ನನ್ನು ದೇವರ ಮನೆಯಲ್ಲಿ ದೀಪದ ಮುಂದೆ ಕೂಡಿಸಿದ. ಕುಡಿಯನ್ನೇ ನೋಡು, ಮನಸ್ಸು ಎಲ್ಲಿಗೆ ಹೋದರೂ ತಿರುಗಿ ಕರಕೊಂಡು ಬಾ, ಅಂದ. ನಾನು ನೋಡಿದೆ. ನೋಡುತ್ತ ನೋಡುತ್ತ ನಿದ್ದೆ ಹತ್ತಿ ಮುಂದಕ್ಕೆ ಬಾಗಿದೆ, ಮುಂಗೂದಲು ಚುರ್ ಅಂತ ಸುಟ್ಟಿತು. ಅಡಿಗೆಮನೆಯಿಂದ ವಾಸನೆಗೇ ಓಡಿ ಬಂದ ಅವ್ವ ಕಾಕಾನಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಪಾಪ, ಆವತ್ತೇ ಚೀಲ ಹೆಗಲಿಗೇರಿಸಿ ಹೊಳೆದಂಡೆಗೆ ಹೋದ. ಈಗ ಅವನಿಲ್ಲ. ಅವನು ಕುಂದರುತ್ತಿದ್ದ ಕಟ್ಟೆ ನೆನಪಾದರೆ ಇವತ್ತಿಗೂ ನನಗೆ ನಗು ಬರುತ್ತದೆ.

"ಇಕಿಗೆ ದೀಪ ಸಾಲೂದಿಲ್ಲ, ನನ್ನ ಜೋಡಿ ಬರ್ಲಿ," ಅಂದಳು ಅವ್ವ. ಬೇಸಿಗೆ ಸೂಟಿ ಬಿಟ್ಟಿತ್ತು. ಅವ್ವ ಮಾರ್ಕೆಟ್ಟಿನ ಹತ್ತಿರದ ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಿದ್ದಳು. ದೊಡ್ಡ ತಗಡಿನ ಶೆಡ್ಡು. ಒಳಗೆ ನೆಲದ ತುಂಬ ಕೆಂಪು ರಾಶಿ, ಅದರ ಸುತ್ತ ಹೆಂಗಸರು. ಹೊಸಬರು ಬಾಗಿಲಲ್ಲೇ ಸೀನಲು ಶುರು ಮಾಡುತ್ತಿದ್ದರು. ಹಳಬರಿಗೆ ಆ ಘಾಟು ಗೊತ್ತೇ ಆಗುತ್ತಿರಲಿಲ್ಲ, ಅದರಲ್ಲೇ ಹರಟೆ, ಅದರಲ್ಲೇ ಹಾಡು, ಅದರಲ್ಲೇ ಊಟ.

ಅವ್ವ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೇ ಮಾತು ಹೇಳಿದಳು. "ಕಣ್ಣಿಗೆ ಕೈ ಹಚ್ಚಬ್ಯಾಡ. ಕೈ ಎಲ್ಲೈತಿ ಅನ್ನೂದು ಖಬರ ಇರ್ಲಿ. ಇನ್ನೇನೂ ಬ್ಯಾಡ."

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಜಗತ್ತಿಗೇ ಗೊತ್ತು. ಕಣ್ಣಿಗೆ ಮಾತ್ರ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೇ ನನಗೆ ರೆಪ್ಪೆ ತುರಿಸಿತು, ಕೈ ತಾನಾಗಿ ಮೇಲೆ ಹೋಯಿತು. ಆಮೇಲೆ ನಾನು ಕೂಗಿದ ಕೂಗಿಗೆ ರಾಶಿಯ ಆಚೆ ಬದಿಯವರೂ ಎದ್ದು ಬಂದರು. ಅವ್ವ ಕೊಡದ ನೀರು ಮುಖಕ್ಕೆ ಸುರಿದು, ಸೆರಗಿನ ತುದಿಯನ್ನು ಬಾಯಿಂದ ಊದಿ ಬಿಸಿ ಮಾಡಿ ಕಣ್ಣಿಗೆ ಒತ್ತಿದಳು. ಊದುವುದು, ಒತ್ತುವುದು. ಒತ್ತುತ್ತಲೇ ಬೈಯುವುದು.

ಮರುದಿನದಿಂದ ಅವ್ವನ ಕಣ್ಣು ರಾಶಿಯ ಮೇಲಿದ್ದರೂ ನನ್ನ ಕೈಯನ್ನು ಕಾಯುತ್ತಿತ್ತು. ಅದು ಎದೆಯ ಮಟ್ಟ ದಾಟಿದರೆ ಸಾಕು, ಅವಳ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯುತ್ತಿತ್ತು. "ಕೈ!" ಅಷ್ಟೇ. ಪಕ್ಕದವಳ ಜೋಡಿ ಆಡುತ್ತಿದ್ದ ಮಾತು ಕೂಡ ನಿಲ್ಲುತ್ತಿರಲಿಲ್ಲ.

ಹಾಗೆ ಆ ಬೇಸಿಗೆ ಕಳೆಯುವ ಹೊತ್ತಿಗೆ ನನಗೊಂದು ವಿಚಿತ್ರ ರೂಢಿಯಾಯಿತು. ಮೂಗು ತುರಿಸುತ್ತದೆ. ತುರಿಸಲಿ ಬಿಡು ಅಂತ ಕೂತಿರುತ್ತೇನೆ. ಅದು ಏರುತ್ತದೆ, ಸುಡುತ್ತದೆ, ಆಮೇಲೆ ತಾನೇ ಇಳಿದು ಹೋಗುತ್ತದೆ. ಬೆವರಿನ ಹನಿ ಹಣೆಯಿಂದ ಇಳಿದು ಹುಬ್ಬಿಗೆ ಬಂದು ನಿಲ್ಲುವುದು ತಿಳಿಯುತ್ತದೆ. ತೊಟ್ಟು ಮುರಿಯುವ ಚಟ್ ಸಪ್ಪಳ, ಹಾಡುವವಳು ಉಸಿರು ಎಳೆದುಕೊಳ್ಳುವ ಸಪ್ಪಳ, ಹೊರಗೆ ಹಮಾಲರು ಚೀಲ ಒಗೆಯುವ ಸಪ್ಪಳ, ಎಲ್ಲಾ ಒಮ್ಮೆಗೇ ಕೇಳುತ್ತದೆ. ಕಾಕಾ ಹೇಳಿದ್ದು ಇದೇ ಏನು ಅಂತ ಆವಾಗ ಕೇಳಲು ಅವನು ಊರಲ್ಲಿರಲಿಲ್ಲ. ಅವ್ವನಿಗೆ ಹೇಳಿದೆ. "ಹ್ಞೂಂ, ಕೆಲಸ ಮಾಡು," ಅಂದಳು.

ಮುಂದೆ ನಾನು ಓದಿದೆ, ಸಾಲಿ ಕಲಿಸುವ ಅಕ್ಕೋರಾದೆ, ಹಾವೇರಿಗೆ ಮದುವೆಯಾಗಿ ಬಂದೆ. ಅಪ್ಪ ಹೋದ ಮೇಲೆ ಅವ್ವನನ್ನು ಇಲ್ಲಿಗೇ ಕರಕೊಂಡು ಬಂದೆವು. ಬಂದವಳು ನನ್ನ ಅಡಿಗೆಮನೆಯ ಒಂದೊಂದು ಡಬ್ಬಿಯನ್ನೂ ತಿರುವಿ ನೋಡಿ, "ಖಬರಗೇಡಿ ಸಂಸಾರ" ಅಂತ ತೀರ್ಪು ಕೊಟ್ಟಳು. ನಮ್ಮ ಮನೆಯವರು ಬಾಯಿಗೆ ಟಾವೆಲ್ ಒತ್ತಿಕೊಂಡು ನಕ್ಕರು. ನನಗೆ ಆಗ ನಲವತ್ತು ದಾಟಿತ್ತು.

ಕಳೆದ ಎರಡು ವರ್ಷಗಳಲ್ಲಿ ಅವ್ವನ ಖಬರ ಸೋರಿ ಹೋಗತೊಡಗಿತು. ಮೊದಲು ಚಾದಲ್ಲಿ ಉಪ್ಪು ಬಿತ್ತು. ನಾನೇ ಖುಷಿಯಿಂದ "ಯಾರಬೇ ಈಗ ಖಬರಗೇಡಿ?" ಅಂತ ಕಾಡಿಸಿದೆ. ಆಮೇಲೆ ಬಚ್ಚಲು ಯಾವ ಕಡೆ ಅನ್ನುವುದು ಮರೆತುಹೋಯಿತು. ಡಾಕ್ಟರು ಮರೆವಿನ ಬ್ಯಾನಿ ಅಂದರು, ಗುಳಿಗೆ ಬರೆದರು, ಭಾಳ ಆಶಾ ಇಟ್ಟುಕೋಬ್ಯಾಡ್ರಿ ಅಂದರು.

ಒಂದು ಮುಂಜಾನೆ ಚಾ ಕೊಟ್ಟೆ. ಅವ್ವ ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು, "ನಿಮಗ್ಯಾಕ ತ್ರಾಸ ಅಕ್ಕೋರ, ನೀವು ಕುಂದ್ರಿ," ಅಂದಳು.

ಕುಂದ್ರಿ! ನನ್ನವ್ವ ನನಗೆ ರಿ ಹಚ್ಚಿ ಮಾತಾಡಿದಳು. ನನಗೆ ಮೊದಲು ಸಿಟ್ಟು ಬಂತು. ಅಳಬೇಕಾದಲ್ಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. "ಅವ್ವ, ನಾನಬೇ, ನಾನು!" ಅಂತ ಭುಜ ಹಿಡಿದು ಅಲುಗಾಡಿಸಿದೆ. ಅವಳು ಹೆದರಿ ಗೋಡೆಗೆ ಸರಿದಳು. ಆಮೇಲೆ ದಿನವೂ ಅಕ್ಕೋರ, ಬರ್ರಿ, ಹೋಗ್ರಿ, ಉಣ್ರಿ. ಎಷ್ಟು ಮರ್ಯಾದೆ, ಎಷ್ಟು ನಯ! ಸಾಲಿಯಲ್ಲಿ ಎಷ್ಟೋ ಮಕ್ಕಳ ಬಾಯಲ್ಲಿ ಆ ರಿ ಕೇಳಿದ್ದೇನೆ, ಮನೆಯಲ್ಲಿ ಅದು ಕಿವಿಗೆ ಬಿದ್ದರೆ ಊಟ ಇಳಿಯುತ್ತಿರಲಿಲ್ಲ. ಒಮ್ಮೆ ನನ್ನನ್ನು ನೀ ಅನ್ನಲಿ, ಬೈದಾದರೂ ಅನ್ನಲಿ ಅಂತ ಕಾಯುತ್ತಿದ್ದೆ. ಬೇರೇನೂ ಬೇಕಿರಲಿಲ್ಲ.

ಮನೆಯವರು ಫೋನಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡಿದ್ದರು. ಅವ್ವನ ಕಿವಿಗೂ ಹೆಡ್‌ಫೋನ್ ಹಾಕಿ ನೋಡಿದರು. ಒಳಗೆ ಯಾರೋ ಮೆತ್ತಗೆ, ನಿಮ್ಮ ಉಸಿರನ್ನು ಗಮನಿಸಿ, ಅನ್ನುತ್ತಿದ್ದರು. ಅವ್ವ ಗಾಬರಿಯಾಗಿ ನನ್ನ ಕಡೆ ತಿರುಗಿ, "ಯಾರೋ ಬಂದಾರ್ರಿ ಅಕ್ಕೋರ, ಒಳಗ ಕುಂತು ಮಾತಾಡಾಕತ್ತಾರ. ಅವರಿಗಿಷ್ಟು ಚಾ ಕೊಡ್ರಿ," ಅಂದಳು. ಮನೆಯವರು ಹೆಡ್‌ಫೋನ್ ತೆಗೆದು ಜೇಬಿಗೆ ಹಾಕಿಕೊಂಡರು.

"ನೀನರ ಒಂದಿಷ್ಟು ಸಮಾಧಾನ ಮಾಡ್ಕೋ," ಅಂತ ನನ್ನನ್ನು ರಾಣೆಬೆನ್ನೂರಿನ ಒಂದು ಕಲ್ಯಾಣಮಂಟಪದಲ್ಲಿ ನಡೆದ ಧ್ಯಾನ ಶಿಬಿರಕ್ಕೆ ಕಳಿಸಿದರು. ದಿನಾ ಹೋಗಿ ಬರುವುದು. ಮುತುವರ್ಜಿಯ ಗುರುಗಳು, ಬಿಳಿ ಬಟ್ಟೆ, ಒಳ್ಳೆಯ ಮನುಷ್ಯ. ಕಣ್ಣು ಮುಚ್ಚಿಸಿ ಹೇಳಿದರು: "ಮೈಯಲ್ಲಿ ಎಲ್ಲೋ ತುರಿಕೆ ಬರುತ್ತದೆ. ಕೈ ಎತ್ತಬೇಡಿ. ಅದನ್ನು ಸುಮ್ಮನೆ ನೋಡಿ. ಏರುತ್ತದೆ, ಇಳಿಯುತ್ತದೆ." ನನಗೆ ಫಕ್ಕನೆ ನಗು ಬಂತು. ಆ ಸದ್ದಿಲ್ಲದ ಮಂಟಪದಲ್ಲಿ, ಅಷ್ಟು ಜನರ ನಡುವೆ, ತಡೆಯಲಾರದೆ ನಕ್ಕುಬಿಟ್ಟೆ. ಮೂಗಿಗೆ ಆ ಶೆಡ್ಡಿನ ಘಾಟು ಬಂದ ಹಾಗಾಯಿತು, ಮಣಿಕಟ್ಟಿನ ಮೇಲೆ ಅವ್ವನ ಬೆರಳು ಬಿದ್ದ ಹಾಗಾಯಿತು. ನಗು ಅಳುವಾಯಿತು. ಗುರುಗಳು ನನಗೇನೋ ಅನುಭವವಾಗಿದೆ ಅಂದುಕೊಂಡು ತಲೆ ಸವರಿದರು. ಖರೇನೇ ಆಗಿತ್ತು.

ಮನೆಗೆ ಬಂದವಳೇ, "ನಾಳೆ ಬ್ಯಾಡಗಿಗೆ ಹೋಗಿ ಒಂದು ಚೀಲ ಕಾಯಿ ತರ್ರಿ," ಅಂದೆ ಮನೆಯವರಿಗೆ. ವರ್ಷದ ಖಾರಪುಡಿ ಮಾಡಿಸುವ ಹೊತ್ತು ಹೇಗೂ ಬಂದಿತ್ತು. ಅವರು ತಂದರು.

ರವಿವಾರ ಮಧ್ಯಾಹ್ನ ಹಿತ್ತಲ ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ ಕಾಯಿ ಸುರಿದೆ. ಅವ್ವನನ್ನು ಕೈಹಿಡಿದು ಕರೆತಂದು ರಾಶಿಯ ಮುಂದೆ ಕೂಡಿಸಿದೆ. ರಾಶಿಯ ಮೇಲೆ ಕೈಯಾಡಿಸಿದಳು. ಒಂದು ಕಾಯಿ ಎತ್ತಿದಳು. ಚಟ್. ಇನ್ನೊಂದು. ಚಟ್. ನಾನು ಆಸೆಯಿಂದ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ, ಬೆರಳು ಮಾತ್ರ ಲಗೂ ಲಗೂ ಓಡುತ್ತಿತ್ತು. ನಾನೂ ಪಕ್ಕದಲ್ಲಿ ಕೂತು ಮುರಿಯತೊಡಗಿದೆ.

ಒಂದಿಷ್ಟು ಹೊತ್ತಾದ ಮೇಲೆ ಅವ್ವ ಕೇಳಿದಳು, "ಅಕ್ಕೋರ, ನಮ್ಮ ಹುಡುಗಿ ನಿಮ್ಮ ಸಾಲ್ಯಾಗ ಅದಾಳಲ್ರಿ, ಹ್ಯಾಂಗ ಓದ್ತಾಳ್ರಿ?"

ನಾನು ಇನ್ನೊಂದು ತೊಟ್ಟು ಮುರಿದು, "ಚಲೋ ಓದ್ತಾಳ್ರಿ," ಅಂದೆ.

"ಒಂದೀಟು ಮರವು ಐತ್ರಿ ಅಕಿಗೆ. ಮನಸು ಎಲ್ಲೋ ಇರತೈತಿ. ಆದ್ರ ಶಾಣ್ಯಾ ಅದಾಳ್ರಿ ಅಕ್ಕೋರ, ನಮ್ಮ ಮನ್ಯಾಗ ಅಕಿಯಷ್ಟು ಶಾಣ್ಯಾರು ಯಾರೂ ಇಲ್ಲ. ಬಡೀಬ್ಯಾಡ್ರಿ."

ಈ ಮಾತನ್ನು ಅವ್ವ ನನಗೆ ಯಾವತ್ತೂ ಹೇಳಿರಲಿಲ್ಲ. ಜಾಣರಿಗೆ ಅನ್ನುವ ಆ ಶಾಣ್ಯಾ ಶಬ್ದ ಅವಳ ಬಾಯಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ನನ್ನ ಅವ್ವ ನನ್ನ ಹತ್ತಿರವೇ ನನ್ನ ಸಲುವಾಗಿ ಬೇಡಿಕೊಳ್ಳುತ್ತ ಕೂತಿದ್ದಳು. "ಬಡಿಯೂದಿಲ್ರಿ," ಅಂದೆ. ಕಣ್ಣು ತುಂಬಿ ರಾಶಿಯೆಲ್ಲ ಕೆಂಪು ನೀರಾಯಿತು. ಒರೆಸಿಕೊಳ್ಳಲು ಕೈ ಎತ್ತಿದೆ.

ಮಣಿಕಟ್ಟಿಗೆ ಹಿಡಿತ ಬಿತ್ತು.

"ಕೈ! ಏ ಖಬರಗೇಡಿ, ಎಷ್ಟ ಸಲ ಹೇಳಬೇಕ ನಿನಗ?"

ಎಡಗೈಯಿಂದ ನನ್ನ ಕೈ ಕೆಳಗೆ ಒತ್ತಿ ಹಿಡಿದು, ಬಲ ಮೊಣಕೈಯಿಂದ ಸೆರಗು ಎಳೆದುಕೊಂಡು, ತುದಿಯನ್ನು ಹಲ್ಲಲ್ಲಿ ಕಚ್ಚಿ ಊದಿದಳು. ಬಗ್ಗಿ ಅದನ್ನು ನನ್ನ ಕಣ್ಣಿಗೆ ಒತ್ತಿದಳು. ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. ನಾನು ಉಸಿರು ಬಿಗಿಹಿಡಿದು ಅವಳ ಸೆರಗಿಗೆ ಮುಖ ಕೊಟ್ಟು ಕೂತೆ. ಅಲುಗಾಡಿದರೆ ಎಲ್ಲಿ ಹೋಗಿಬಿಡುತ್ತಾಳೋ ಅಂತ ಹೆದರಿಕೆ.

ಸೆರಗು ಕೆಳಗಿಳಿಯಿತು. ಅವ್ವ ಮತ್ತೆ ರಾಶಿಗೆ ಕೈ ಹಾಕಿದಳು. ಚಟ್. ಚಟ್. "ಚಾ ಕುಡೀತೀರೇನ್ರಿ ಅಕ್ಕೋರ?" ಅಂದಳು.

"ಕುಡೀತೀನ್ರಿ," ಅಂದೆ.

ಆ ಚೀಲ ಮುಗಿದಿದೆ. ಮೊನ್ನೆ ಇನ್ನೊಂದು ತರಿಸಿದೆ. "ಇಷ್ಟು ಖಾರ ಯಾರು ತಿನ್ನೂರು?" ಅಂತ ಕೇಳಿದ ಮನೆಯವರು ನನ್ನ ಮುಖ ನೋಡಿ ಚೀಲವನ್ನು ಪಡಸಾಲೆಗೆ ಒಯ್ದಿಟ್ಟರು. ದಿನಾ ಸಾಲಿ ಬಿಟ್ಟು ಬಂದ ಮೇಲೆ ಅವ್ವನ ಪಕ್ಕದಲ್ಲಿ ಕೂಡುತ್ತೇನೆ. ಒಂದಿಷ್ಟು ಕಾಯಿ ಮುರಿಯುತ್ತೇನೆ. ಆಮೇಲೆ ಬೇಕಂತಲೇ ಕೈಯನ್ನು ಮೆಲ್ಲಗೆ ಕಣ್ಣಿನ ಕಡೆ ಒಯ್ಯುತ್ತೇನೆ. ಎಷ್ಟೋ ದಿನ ಅದು ಕಣ್ಣಿನವರೆಗೂ ಹೋಗುತ್ತದೆ, ಅವ್ವ ನೋಡುವುದೇ ಇಲ್ಲ. ಅಂಥ ದಿನ ನಾನೇ ಕೈ ಇಳಿಸಿ ಇನ್ನೊಂದು ಕಾಯಿ ಎತ್ತಿಕೊಳ್ಳುತ್ತೇನೆ.